ಮುಸ್ಲಿಂ ಕುಟುಂಬದ ಪೌರತ್ವ ಕಡತ: ಹುಟ್ಟಿದ ವರ್ಷದಿಂದ ಶುರುಮಾಡಿ

ಪೌರತ್ವದ ಸುದ್ದಿ ಬಂದಾಗಲೆಲ್ಲ ಮನೆಮಂದಿ ಬೀರು ತೆಗೆದು ಕೈಗೆ ಸಿಕ್ಕ ಕಾಗದವನ್ನೆಲ್ಲ ಝೆರಾಕ್ಸ್ ಮಾಡಿಸುತ್ತಾರೆ. ಆಧಾರ್, ಪಾನ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ ಎಲ್ಲವೂ ಒಂದೇ ಚೀಲಕ್ಕೆ ಸೇರುತ್ತವೆ. ಇವು ಗುರುತಿನ ದಾಖಲೆಗಳು, ಪೌರತ್ವದ ದಾಖಲೆಗಳಲ್ಲ. ಆಧಾರ್ ಸಂಖ್ಯೆ ಪೌರತ್ವಕ್ಕಾಗಲಿ ವಾಸಸ್ಥಳಕ್ಕಾಗಲಿ ಪುರಾವೆಯಲ್ಲ ಎಂದು ಆಧಾರ್ ಕಾಯ್ದೆಯ 9ನೇ ಸೆಕ್ಷನ್ ನೇರವಾಗಿ ಹೇಳುತ್ತದೆ. ಕಾನೂನು ಕೇಳುವುದು ಬೇರೆಯದನ್ನೇ: ನೀವು ಯಾವ ದಿನ, ಎಲ್ಲಿ ಹುಟ್ಟಿದಿರಿ? ಆಗ ನಿಮ್ಮ ತಂದೆ ತಾಯಿ ಯಾವ ದೇಶದ ಪ್ರಜೆಗಳಾಗಿದ್ದರು? ಈ ಪ್ರಶ್ನೆಗಳಿಗೆ ಉತ್ತರ ಕೊಡುವ ಕಾಗದಗಳೇ ಕಡತದಲ್ಲಿ ಮೊದಲು ಬರಬೇಕು. ಉಳಿದವು ಹಿಂದಿರಲಿ.

ಹಾಗಾಗಿ ಮೊದಲ ಕೆಲಸ, ಮನೆಯ ಪ್ರತಿಯೊಬ್ಬರ ಹೆಸರಿಗೂ ಒಂದೊಂದು ಹಾಳೆ ತೆಗೆದು, ಮೇಲ್ತುದಿಯಲ್ಲಿ ಹುಟ್ಟಿದ ದಿನ ಮತ್ತು ಹುಟ್ಟಿದ ಊರು ಬರೆಯುವುದು. ಆಮೇಲೆ ಆ ದಿನ ಯಾವ ಕಾಲಘಟ್ಟಕ್ಕೆ ಬೀಳುತ್ತದೆ ನೋಡಿ.

ಯಾರಿಗೆ ಯಾವ ನಿಯಮ

1950ರ ಜನವರಿ 26ರಿಂದ 1987ರ ಜೂನ್ 30ರವರೆಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪ್ರಜೆಗಳು. ತಂದೆ ತಾಯಿಯ ಪೌರತ್ವ ಇವರ ವಿಷಯದಲ್ಲಿ ಲೆಕ್ಕಕ್ಕಿಲ್ಲ. ಈ ಗುಂಪಿನವರಿಗೆ ಬೇಕಾದದ್ದು ಒಂದೇ, ಇಲ್ಲೇ ಹುಟ್ಟಿದ್ದಕ್ಕೆ ಗಟ್ಟಿ ಪುರಾವೆ. 1987ರ ಜುಲೈ 1ರಿಂದ 2004ರ ಡಿಸೆಂಬರ್ 2ರವರೆಗೆ ಹುಟ್ಟಿದವರಿಗೆ ತಂದೆ ತಾಯಿಯರಲ್ಲಿ ಒಬ್ಬರಾದರೂ ಭಾರತೀಯರಾಗಿದ್ದದ್ದನ್ನೂ ತೋರಿಸಬೇಕು. 2004ರ ಡಿಸೆಂಬರ್ 3ರಂದು ಅಥವಾ ಆಮೇಲೆ ಹುಟ್ಟಿದವರಿಗೆ ನಿಯಮ ಇನ್ನೂ ಬಿಗಿ: ಒಬ್ಬರು ಭಾರತೀಯರಾಗಿದ್ದು, ಇನ್ನೊಬ್ಬರು ಅಕ್ರಮವಾಗಿ ಬಂದವರಾಗಿರಬಾರದು.

ಈ ತಾರೀಖುಗಳ ಹಿಂದೆ ಅಸ್ಸಾಮಿನ ಚರಿತ್ರೆಯಿದೆ. 1985ರ ಆಗಸ್ಟ್ 15ರಂದು ಅಸ್ಸಾಂ ಒಪ್ಪಂದವಾಯಿತು, ಮುಂದಿನ ವರ್ಷ ಪೌರತ್ವ ಕಾಯ್ದೆ ತಿದ್ದುಪಡಿಯಾಯಿತು, ಅದು 1987ರ ಜುಲೈಯಲ್ಲಿ ಜಾರಿಗೆ ಬಂತು. ಒಂದು ರಾಜ್ಯದ ಗಡಿ ಸಮಸ್ಯೆಗೆಂದು ಬಂದ ನಿಯಮದ ಭಾರ ವಿಜಯಪುರದಲ್ಲಿ ಹುಟ್ಟಿದ ಮಗುವಿನ ಮೇಲೂ ಬಿತ್ತು. 1986ರಲ್ಲಿ ಹುಟ್ಟಿದ ಅಣ್ಣನಿಗೆ ಬೇಡದ ಪುರಾವೆ 1988ರಲ್ಲಿ ಹುಟ್ಟಿದ ತಂಗಿಗೆ ಬೇಕಾಗುವುದು ಇದೇ ಕಾರಣಕ್ಕೆ. ‘ಅಣ್ಣನ ಕಾಗದ ಸರಿಯಿದೆ, ನನ್ನದೂ ಸರಿಯಿರುತ್ತದೆ’ ಎಂದು ಬಿಡಬೇಡಿ.

1950ಕ್ಕೆ ಮೊದಲು ಹುಟ್ಟಿದ ಹಿರಿಯರಿಗೆ ಸಂವಿಧಾನದ 5ನೇ ವಿಧಿ ಅನ್ವಯಿಸುತ್ತದೆ. ಸಂವಿಧಾನ ಜಾರಿಯಾದಾಗ ಇಲ್ಲೇ ನೆಲೆಸಿದ್ದು, ತಾವು ಇಲ್ಲಿ ಹುಟ್ಟಿದ್ದರೆ, ಅಥವಾ ತಂದೆ ತಾಯಿಯರಲ್ಲಿ ಒಬ್ಬರು ಇಲ್ಲಿ ಹುಟ್ಟಿದ್ದರೆ, ಅಥವಾ ಅದಕ್ಕೆ ಹಿಂದಿನ ಐದು ವರ್ಷ ಇಲ್ಲೇ ವಾಸವಿದ್ದರೆ ಅವರು ಪ್ರಜೆಗಳು. ಮೈಸೂರು ಮಹಾರಾಜರ ಪ್ರಜೆಗಳೂ ನಿಜಾಮರ ಪ್ರಜೆಗಳೂ ಹೀಗೇ ಭಾರತದ ಪ್ರಜೆಗಳಾದರು. ಅರ್ಜಿ ಹಾಕಿ ಪಡೆದ ಪೌರತ್ವ ಇದಲ್ಲ.

7ನೇ ವಿಧಿಯ ಬಗ್ಗೆ ಬೀದರ್, ಕಲಬುರಗಿ, ರಾಯಚೂರು ಕಡೆಯ ಮನೆಗಳಲ್ಲಿ ಇವತ್ತಿಗೂ ಅಂಜಿಕೆಯಿದೆ. 1947ರ ಮಾರ್ಚ್ 1ರ ನಂತರ ಪಾಕಿಸ್ತಾನಕ್ಕೆ ವಲಸೆ ಹೋದವರು ಭಾರತದ ಪ್ರಜೆಗಳಲ್ಲ ಎನ್ನುತ್ತದೆ ಅದು. ಮತ್ತೆ ಇಲ್ಲಿ ನೆಲೆಸಲು ಪರ್ಮಿಟ್ ಪಡೆದು ಮರಳಿದವರಿಗೆ ಮಾತ್ರ ವಿನಾಯಿತಿ. ಪಶ್ಚಿಮ ಪಾಕಿಸ್ತಾನದಿಂದ ಬರುವವರಿಗೆ 1948ರ ಜುಲೈಯಲ್ಲಿ ಪರ್ಮಿಟ್ ಪದ್ಧತಿ ಬಂತು. ಅದೇ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು. ಆ ದಿನಗಳಲ್ಲಿ ಅಜ್ಜನ ಅಣ್ಣನೋ ತಮ್ಮನೋ ಕರಾಚಿಗೆ ಹೋಗಿದ್ದರೆ ಅದರ ಪರಿಣಾಮ ಹೋದವರ ಪೌರತ್ವಕ್ಕೆ ಮಾತ್ರ. ಇಲ್ಲೇ ಉಳಿದ ಅಜ್ಜನಿಗಾಗಲಿ ಅವರ ಸಂತಾನಕ್ಕಾಗಲಿ ಅದು ತಟ್ಟುವುದಿಲ್ಲ. ತಟ್ಟಿದ್ದು ಆಸ್ತಿಗೆ. ಹೋದವರ ಪಾಲು 1950ರ ನಿಷ್ಕ್ರಾಂತರ (ದೇಶ ಬಿಟ್ಟು ಹೋದವರ) ಆಸ್ತಿ ಕಾಯ್ದೆಯಡಿ ಸರ್ಕಾರದ ವಶಕ್ಕೆ ಹೋಗಿರಬಹುದು. ಅಂಥ ಕಡತ ಮನೆಯಲ್ಲಿದ್ದರೆ ಹೆದರಿ ಸುಡಬೇಡಿ. ಅಜ್ಜ ಇಲ್ಲೇ ಉಳಿದು ತನ್ನ ಪಾಲು ಕೇಳಿದ್ದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ.

2019ರ ತಿದ್ದುಪಡಿ ಕಾಯ್ದೆಯ ಬಗ್ಗೆಯೂ ಸ್ಪಷ್ಟವಿರಲಿ. ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನಗಳಿಂದ 2014ರ ಡಿಸೆಂಬರ್ 31ರೊಳಗೆ ಬಂದ ಹಿಂದೂ, ಸಿಖ್, ಬೌದ್ಧ, ಜೈನ, ಪಾರ್ಸಿ, ಕ್ರೈಸ್ತರಿಗೆ ಅದು ದಾರಿ ಮಾಡಿತು, ಮುಸ್ಲಿಮರನ್ನು ಹೊರಗಿಟ್ಟಿತು. ನಿಯಮಾವಳಿ ಬಂದದ್ದು 2024ರ ಮಾರ್ಚ್ 11ರಂದು. ಇಲ್ಲೇ ಹುಟ್ಟಿದವರ ಪೌರತ್ವವನ್ನು ಆ ಕಾಯ್ದೆ ಕಸಿಯುವುದಿಲ್ಲ, ನಿಜ. ಆದರೆ ದಾಖಲೆ ಪರಿಶೀಲನೆಯಲ್ಲಿ ಎಡವಿದ ಮುಸ್ಲಿಮನಿಗೆ ಆ ಹಿಂಬಾಗಿಲು ಇಲ್ಲ. ನಮ್ಮ ದೃಷ್ಟಿಯಲ್ಲಿ ಇದು ದೊಡ್ಡ ಅನ್ಯಾಯ, ಕಡತವನ್ನು ಮೊದಲೇ ಸರಿಮಾಡಿಟ್ಟುಕೊಳ್ಳಿ ಎನ್ನುವುದಕ್ಕೆ ಅದೇ ಕಾರಣ.

ಧರ್ಮದ ಹಕ್ಕಿಗೂ ಪೌರತ್ವಕ್ಕೂ ಇರುವ ಸಂಬಂಧವನ್ನು ಅನೇಕರು ತಪ್ಪು ತಿಳಿದಿದ್ದಾರೆ. ನಮಾಜ್, ಉಪವಾಸ, ಧರ್ಮಪ್ರಚಾರದ ಸ್ವಾತಂತ್ರ್ಯ ಕೊಡುವ 25ನೇ ವಿಧಿ ‘ಎಲ್ಲ ವ್ಯಕ್ತಿಗಳಿಗೆ’ ಸೇರಿದ್ದು, ಪ್ರಜೆಗಳಿಗೆ ಮಾತ್ರವಲ್ಲ. ಸಮಾನತೆಯ 14ನೇ ವಿಧಿ, ಜೀವ ಮತ್ತು ಸ್ವಾತಂತ್ರ್ಯದ 21ನೇ ವಿಧಿಯೂ ಹಾಗೆಯೇ. ತಾರತಮ್ಯ ನಿಷೇಧದ 15ನೇ ವಿಧಿ, ಸರ್ಕಾರಿ ನೌಕರಿಯ 16ನೇ ವಿಧಿ, ಮಾತು ಮತ್ತು ಸಂಘಟನೆಯ 19ನೇ ವಿಧಿ, ಮತದಾನದ 326ನೇ ವಿಧಿ ಇವು ಪ್ರಜೆಗಳಿಗೆ ಮಾತ್ರ. ಪೌರತ್ವ ಅಲುಗಾಡಿದರೆ ಮೊದಲು ಹೋಗುವುದು ಓಟು ಮತ್ತು ನೌಕರಿ.

ಕೊಂಡಿ ತುಂಡಾಗುವುದು ಹೆಣ್ಣುಮಕ್ಕಳ ಕಾಗದದಲ್ಲಿ

ಅಸ್ಸಾಮಿನಲ್ಲಿ 2019ರ ಆಗಸ್ಟ್ 31ರಂದು ಪ್ರಕಟವಾದ ಪೌರತ್ವ ನೋಂದಣಿ (ಎನ್‌ಆರ್‌ಸಿ) ಪಟ್ಟಿಯಿಂದ 19,06,657 ಮಂದಿ ಹೊರಗುಳಿದರು. ಅಲ್ಲಿ ಎರಡು ಬಗೆಯ ಕಾಗದ ಬೇಕಿತ್ತು: 1971ರ ಮಾರ್ಚ್ 24ರ ಮಧ್ಯರಾತ್ರಿಗೆ ಮೊದಲು ಕುಟುಂಬ ಇಲ್ಲಿತ್ತು ಎನ್ನುವ ಮೂಲ ದಾಖಲೆ, ಮತ್ತು ಆ ಹಿರಿಯರಿಗೂ ನಿಮಗೂ ಇರುವ ಸಂಬಂಧ ತೋರಿಸುವ ಕೊಂಡಿ ದಾಖಲೆ. ಮೂಲ ದಾಖಲೆ ಬಹಳ ಮಂದಿಯಲ್ಲಿತ್ತು. ಆದರೆ ಮದುವೆಯಾದ ಅನೇಕ ಹೆಣ್ಣುಮಕ್ಕಳಿಗೆ ತಂದೆಯೊಂದಿಗಿನ ಕೊಂಡಿ ಸಿಗಲಿಲ್ಲ. ಶಾಲೆಗೆ ಹೋಗದವರು, ಹದಿನೆಂಟಾಗುವ ಮೊದಲೇ ಮದುವೆಯಾದವರು ತವರಿನ ಮತದಾರರ ಪಟ್ಟಿಗೆ ಸೇರಿಯೇ ಇರಲಿಲ್ಲ. ಗಂಡನ ಊರಿನ ಪಟ್ಟಿಯಲ್ಲಿ ಇದ್ದದ್ದು ಗಂಡನ ಹೆಸರು. ಗ್ರಾಮ ಪಂಚಾಯಿತಿ ಕಾರ್ಯದರ್ಶಿ ಕೊಟ್ಟ ಪತ್ರವೊಂದೇ ಅವರಿಗಿದ್ದ ಆಸರೆ. ಹೈಕೋರ್ಟ್ ಅದನ್ನು ತಳ್ಳಿಹಾಕಿತ್ತು, 2017ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಪರಿಶೀಲನೆಗೆ ಒಳಪಟ್ಟು ಕೊಂಡಿ ದಾಖಲೆಯಾಗಿ ಒಪ್ಪಿತು.

ಕರ್ನಾಟಕದ ಮನೆಗಳಲ್ಲೂ ಪರಿಸ್ಥಿತಿ ಇದೇ. ಆದ್ದರಿಂದ ಕಡತವನ್ನು ಯಜಮಾನರಿಂದಲ್ಲ, ಅಮ್ಮ, ಅತ್ತೆ, ಸೊಸೆಯಂದಿರಿಂದ ಶುರುಮಾಡಿ. ಹೆಣ್ಣುಮಗಳನ್ನು ತಂದೆಗೆ ಜೋಡಿಸುವ ಕಾಗದಗಳಲ್ಲಿ ಶಾಲೆಯ ದಾಖಲಾತಿ ಪುಸ್ತಕದ ನಕಲು ಮೊದಲನೆಯದು. ಒಂದನೇ ತರಗತಿಗೆ ಸೇರಿ ಬಿಟ್ಟಿದ್ದರೂ ಹೆಸರು ಆ ಪುಸ್ತಕದಲ್ಲಿ ಇರುತ್ತದೆ. ಉರ್ದು ಶಾಲೆಗಳು ಮುಚ್ಚಿ ಬೇರೆ ಶಾಲೆಗೆ ವಿಲೀನವಾದ ಕಡೆ ಪುಸ್ತಕ ಎಲ್ಲಿ ಹೋಯಿತೆಂದು ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಲ್ಲಿ ಕೇಳಬೇಕು.

ಎರಡನೆಯದು ನಿಕಾಹ್‌ನಾಮಾ. ಅದರಲ್ಲಿ ವಧುವಿನ ತಂದೆಯ ಹೆಸರು, ಊರು, ತಾರೀಖು, ಮಹರ್, ಸಾಕ್ಷಿಗಳು ಎಲ್ಲವೂ ಇರುತ್ತವೆ. ಮೂಲ ಪ್ರತಿ ಕಳೆದಿದ್ದರೆ ನಿಕಾಹ್ ನಡೆಸಿದ ಜಮಾಅತ್‌ನ ಅಥವಾ ಖಾಜಿಯವರ ರಿಜಿಸ್ಟರಿನಿಂದ ನಕಲು ಕೇಳಿ. ನಕಲಿನಲ್ಲಿ ರಿಜಿಸ್ಟರಿನ ಪುಟ ಸಂಖ್ಯೆ, ಕ್ರಮ ಸಂಖ್ಯೆ, ಮೊಹರು ಇರಲೇಬೇಕು. ‘ಇವರ ನಿಕಾಹ್ ನಮ್ಮಲ್ಲಿ ಆಗಿದೆ’ ಎಂದು ಲೆಟರ್‌ಹೆಡ್ಡಿನಲ್ಲಿ ಬರೆದುಕೊಟ್ಟದ್ದಕ್ಕೆ ತೂಕ ಕಡಿಮೆ. ಸರ್ಕಾರಿ ನೋಂದಣಿ ಬೇಕಿದ್ದರೆ ಕರ್ನಾಟಕದ 1976ರ ವಿವಾಹ ನೋಂದಣಿ ಕಾಯ್ದೆಯಡಿ ಮಾಡಿಸಿ. ವಕ್ಫ್ ಮಂಡಳಿಯೇ ವಿವಾಹ ಪ್ರಮಾಣ ಪತ್ರ ಕೊಡಬಹುದೆಂದು 2023ರಲ್ಲಿ ಸರ್ಕಾರಿ ಆದೇಶ ಬಂದಿತ್ತು. 2024ರ ನವೆಂಬರಿನಲ್ಲಿ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಅಂಥ ಪತ್ರವೊಂದನ್ನೇ ನೆಚ್ಚಿಕೊಳ್ಳಬೇಡಿ.

ಮೂರನೆಯದನ್ನು ಬಹುಪಾಲು ಕುಟುಂಬಗಳು ತಾವಾಗಿಯೇ ಹಾಳುಮಾಡಿಕೊಂಡಿವೆ. ತಂದೆ ತೀರಿಕೊಂಡ ಮೇಲೆ ಪೌತಿ ಖಾತೆ ಮಾಡಿಸುವಾಗ ಗಂಡುಮಕ್ಕಳ ಹೆಸರು ಮಾತ್ರ ಪಹಣಿಗೆ ಹೋಗುತ್ತದೆ, ವಂಶವೃಕ್ಷದಲ್ಲೂ ಹೆಣ್ಣುಮಕ್ಕಳನ್ನು ಬಿಡುತ್ತಾರೆ. ಷರೀಅತ್ ಪ್ರಕಾರ ಮಗನ ಪಾಲಿನ ಅರ್ಧ ಮಗಳಿಗೆ ಸೇರಬೇಕು. ಆ ಹಕ್ಕನ್ನು ಕೊಟ್ಟಿದ್ದರೆ ಅದೇ ಮ್ಯುಟೇಶನ್ ಕಾಗದ ಅವಳಿಗೆ ತಂದೆಯ ಕೊಂಡಿಯಾಗುತ್ತಿತ್ತು. ಮುಂದೆ ಖಾತೆ ಬದಲಾವಣೆ ಇದ್ದರೆ ಹೆಣ್ಣುಮಕ್ಕಳ ಹೆಸರನ್ನು ಗಂಡನ ಹೆಸರು ಮತ್ತು ಊರಿನ ಸಮೇತ ಸೇರಿಸಿ.

ಹಳೆಯ ಮತದಾರರ ಪಟ್ಟಿ ಹುಡುಕುವ ಬಗೆ

2025ರಲ್ಲಿ ಬಿಹಾರದಲ್ಲಿ ನಡೆದ ಮತದಾರರ ಪಟ್ಟಿಯ ವಿಶೇಷ ಪರಿಷ್ಕರಣೆ 2003ರ ಪಟ್ಟಿಯನ್ನು ಆಧಾರವಾಗಿಟ್ಟುಕೊಂಡಿತು. ಕರ್ನಾಟಕದಲ್ಲಿ ಅದಕ್ಕೆ ಮೊದಲು ಅಂಥ ಪರಿಷ್ಕರಣೆ ಕೊನೆಯ ಬಾರಿ ನಡೆದದ್ದು 2002ರಲ್ಲಿ. ಆ ಪಟ್ಟಿಯಲ್ಲಿ ತಂದೆ, ತಾಯಿ, ಅಜ್ಜ, ಅಜ್ಜಿಯ ಹೆಸರಿರುವ ಪುಟವನ್ನು ಇಳಿಸಿಕೊಂಡು ಕಡತಕ್ಕೆ ಸೇರಿಸಿ.

ಹುಡುಕುವಾಗ ಜನ ಎಡವುವುದು ಕ್ಷೇತ್ರದ ಹೆಸರಿನಲ್ಲಿ. 2008ರಲ್ಲಿ ವಿಧಾನಸಭಾ ಕ್ಷೇತ್ರಗಳ ಗಡಿ ಬದಲಾಯಿತು. ಈಗಿನ ಕ್ಷೇತ್ರದಲ್ಲಿ ಹುಡುಕಿ ‘ಹೆಸರಿಲ್ಲ’ ಎಂದು ಗಾಬರಿಯಾಗುವವರು ಬಹಳ. ಮೊದಲು ನಿಮ್ಮ ಊರು 2002ರಲ್ಲಿ ಯಾವ ಕ್ಷೇತ್ರದಲ್ಲಿತ್ತು ತಿಳಿಯಿರಿ, ಆಮೇಲೆ ಮತಗಟ್ಟೆ ಇದ್ದ ಶಾಲೆಯ ಹೆಸರಿನಿಂದ ಭಾಗ ಸಂಖ್ಯೆ ಹಿಡಿಯಿರಿ, ಕೊನೆಗೆ ಮನೆ ಸಂಖ್ಯೆಯ ಸಾಲಿನಲ್ಲಿ ಕಣ್ಣಾಡಿಸಿ. ಹೆಸರು ಟೈಪ್ ಮಾಡಿ ಹುಡುಕುವುದಕ್ಕಿಂತ ಇದೇ ಫಲ ಕೊಡುತ್ತದೆ. ಏಕೆಂದರೆ ‘ಮೆಹಬೂಬ್‌ಸಾಬ’ ಎಂದಿರುವುದು ‘ಮಹಿಬೂಬಸಾಬ್’ ಎಂದು ಹುಡುಕಿದರೆ ಸಿಗುವುದಿಲ್ಲ. ಸಿಕ್ಕ ಮೇಲೆ ಕ್ಷೇತ್ರ, ಭಾಗ ಸಂಖ್ಯೆ, ಕ್ರಮ ಸಂಖ್ಯೆ ಮೂರನ್ನೂ ಹಾಳೆಯ ಮೇಲೆ ಬರೆದಿಡಿ.

ಹೆಸರುಗಳು

ಮುಸ್ಲಿಂ ಕಡತಗಳಲ್ಲಿ ಅತಿ ಹೆಚ್ಚು ತಕರಾರು ಬರುವುದು ಹೆಸರಿನಿಂದ. ಒಬ್ಬ ಹೆಂಗಸಿನ ಕಾಗದಗಳನ್ನು ಮಾದರಿಗೆ ತೆಗೆದುಕೊಳ್ಳೋಣ. ಶಾಲೆಯಲ್ಲಿ ‘ರೆಹಾನಾ ತಂ. ಇಮಾಮಸಾಬ’, ನಿಕಾಹ್‌ನಾಮಾದಲ್ಲಿ ಉರ್ದುವಿನಲ್ಲಿ ‘ರೈಹಾನಾ ಬೇಗಂ ಬಿಂತೆ ಶೇಖ್ ಇಮಾಮ್’, ಮತದಾರರ ಪಟ್ಟಿಯಲ್ಲಿ ‘ರೇಹಾನಬಿ ಗಂ. ದಾವಲಸಾಬ’, ಆಧಾರಿನಲ್ಲಿ ‘ರೆಹಾನ ಡಿ ನದಾಫ್’. ನಾಲ್ವರೂ ಒಬ್ಬರೇ. ಬೀ, ಬೇಗಂ, ಬಾನು ಗೌರವಕ್ಕೆ ಸೇರುವ ಮಾತುಗಳು. ಸಾಬ್, ಶೇಖ್ ಒಮ್ಮೆ ಬರುತ್ತವೆ, ಒಮ್ಮೆ ಬಿಟ್ಟುಹೋಗುತ್ತವೆ. ನದಾಫ್ ಮನೆತನದ ಹೆಸರು. ಮೊಹಮ್ಮದ್ ಎಂಬುದನ್ನು ಇಂಗ್ಲಿಷಿನಲ್ಲಿ ನಾಲ್ಕೈದು ಬಗೆಯಲ್ಲಿ ಬರೆಯುತ್ತಾರೆ, ಬರೀ ಎರಡಕ್ಷರಕ್ಕೆ ಮೊಟಕುಗೊಳಿಸುವುದೂ ಉಂಟು.

ಇದಕ್ಕೆ ಎಲ್ಲ ದಾಖಲೆಯನ್ನೂ ತಿದ್ದಿಸಲು ಓಡುವುದು ಸರಿಯಾದ ದಾರಿಯಲ್ಲ. ಹಳೆಯ ದಾಖಲೆ ಹಳೆಯದಾಗಿಯೇ ಇದ್ದಾಗ ಅದಕ್ಕೆ ಬೆಲೆ. ಇತ್ತೀಚೆಗೆ ತಿದ್ದಿದ್ದು ಅನುಮಾನ ಹುಟ್ಟಿಸುತ್ತದೆ. ಜನನ ಪ್ರಮಾಣ ಪತ್ರ ಅಥವಾ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನು ತಾಯಿದಾಖಲೆ ಎಂದು ಇಟ್ಟುಕೊಳ್ಳಿ. ಅವೆರಡೂ ಇಲ್ಲದಿದ್ದರೆ ಶಾಲಾ ದಾಖಲಾತಿ. ಇನ್ನೂ ಬದಲಿಸಲು ಸುಲಭವಾದ ಆಧಾರ್, ಪಾನ್, ಬ್ಯಾಂಕ್ ಖಾತೆಗಳನ್ನು ಮಾತ್ರ ಅದಕ್ಕೆ ಹೊಂದಿಸಿ. ಮತದಾರರ ಪಟ್ಟಿ, ನಿಕಾಹ್‌ನಾಮಾ, ಪಹಣಿಗಳ ವ್ಯತ್ಯಾಸಕ್ಕೆ ಒಂದೇ ಅಫಿಡವಿಟ್ ಸಾಕು. ಅದರಲ್ಲಿ ಪ್ರತಿ ದಾಖಲೆಯ ಹೆಸರು, ಸಂಖ್ಯೆ, ತಾರೀಖು, ಅದರಲ್ಲಿ ಇದ್ದದ್ದು ಇದ್ದ ಹಾಗೆ ಹೆಸರು ಬರೆದು ‘ಇವೆಲ್ಲ ನಾನೊಬ್ಬಳೇ’ ಎಂದು ಹೇಳಿ ನೋಟರಿ ಮಾಡಿಸಿ.

2024ರ ಜುಲೈ 11ರಂದು, ಅಸ್ಸಾಮಿನಲ್ಲಿ ವಿದೇಶಿ ಎನಿಸಿಕೊಂಡಿದ್ದ ರಹೀಂ ಅಲಿಯವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಇಲ್ಲಿ ನೆರವಿಗೆ ಬರುತ್ತದೆ. ಹೆಸರಿನ ಕಾಗುಣಿತ, ತಾರೀಖಿನ ಸಣ್ಣಪುಟ್ಟ ವ್ಯತ್ಯಾಸವೊಂದರಿಂದಲೇ ಒಬ್ಬರನ್ನು ವಿದೇಶಿ ಎನ್ನಲಾಗದು. ಅನುಮಾನಕ್ಕೆ ಆಧಾರವಾದ ಮಾಹಿತಿ ಅಧಿಕಾರಿಗಳ ಕೈಯಲ್ಲಿ ಮೊದಲೇ ಇರಬೇಕು, ಬರೀ ಆರೋಪ ಸಾಲದು ಎಂದಿತು. ಆ ತೀರ್ಪು ಬರುವ ಹೊತ್ತಿಗೆ ರಹೀಂ ಅಲಿ ಬದುಕಿರಲಿಲ್ಲ.

ಅಜ್ಜನ ಕಾಲದ ಕಾಗದ ಯಾವ ಭಾಷೆಯಲ್ಲಿ

1956ರ ನವೆಂಬರ್ 1ಕ್ಕೆ ಮೊದಲು ಈಗಿನ ಕರ್ನಾಟಕ ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತು. ಅಜ್ಜನ ಊರು ಯಾವುದರಲ್ಲಿತ್ತು ಎನ್ನುವುದರ ಮೇಲೆ ಕಾಗದದ ಭಾಷೆ, ಹೆಸರು ಎರಡೂ ನಿಂತಿವೆ. ಹಳೆ ಮೈಸೂರಿನದು ಕನ್ನಡದಲ್ಲಿ. ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರ ಕಡೆ ಮುಂಬಯಿ ಪ್ರಾಂತ್ಯದ ರೂಢಿ, ಮರಾಠಿ ಮತ್ತು ಮೋಡಿ ಲಿಪಿಯೂ ಸಿಗುತ್ತದೆ. ದಕ್ಷಿಣ ಕನ್ನಡ ಮದ್ರಾಸಿನಲ್ಲಿತ್ತು, ಬಳ್ಳಾರಿಯೂ 1953ರವರೆಗೆ ಅಲ್ಲೇ ಇತ್ತು. ಬೀದರ್, ಕಲಬುರಗಿ, ರಾಯಚೂರಿನದು ಉರ್ದುವಿನಲ್ಲಿ. ಅಲ್ಲಿ ಖಾಜಿ, ಖತೀಬ್, ಮುತವಲ್ಲಿ ಮನೆತನಗಳಲ್ಲಿ ಇನಾಂ ಭೂಮಿಯ ‘ಮುಂತಖಬ್’ ಎಂಬ ಸರ್ಕಾರಿ ಪತ್ರ ಇರಬಹುದು. ಅದರಲ್ಲಿ ವಾರಸುದಾರರ ಹೆಸರುಗಳಿರುವುದರಿಂದ ಅದು ಬಹಳ ಬೆಲೆಯುಳ್ಳದ್ದು.

ಈ ಉರ್ದು ಕಾಗದಗಳ ತಾರೀಖು ಹೆಚ್ಚಾಗಿ ಫಸ್ಲಿಯಲ್ಲಿ, ಅಂದರೆ ಕಂದಾಯ ಲೆಕ್ಕದ ವರ್ಷದಲ್ಲಿ, ಇರುತ್ತದೆ. ಹೈದರಾಬಾದಿನ ಫಸ್ಲಿ ವರ್ಷ ಆಜುರ್ ತಿಂಗಳಿಂದ, ಅಂದರೆ ಅಕ್ಟೋಬರಿನಿಂದ ಶುರು. ಅಕ್ಟೋಬರಿನಿಂದ ಡಿಸೆಂಬರ್‌ವರೆಗಿನ ತಾರೀಖಿಗೆ 590, ಜನವರಿಯಿಂದ ಸೆಪ್ಟೆಂಬರ್‌ವರೆಗಿನದಕ್ಕೆ 591 ಕೂಡಿಸಬೇಕು. ಆಜುರ್ 1357 ಎಂದಿದ್ದರೆ ಅದು 1947ರ ಅಕ್ಟೋಬರ್ ಆಸುಪಾಸು. ಅದನ್ನು ಹಿಜರಿ ಎಂದು ತಿಳಿದು ಲೆಕ್ಕ ಹಾಕಿದರೆ 1938 ಬರುತ್ತದೆ, ಒಂಬತ್ತು ವರ್ಷದ ವ್ಯತ್ಯಾಸ! ಅನುವಾದ ಮಾಡಿಸುವಾಗ ಮೂಲದ ಸಂಖ್ಯೆಯನ್ನು ಹಾಗೇ ಉಳಿಸಿ, ಪಕ್ಕದಲ್ಲಿ ಇಂಗ್ಲಿಷ್ ವರ್ಷ ಬರೆಸಿ. ಮೂಲ, ಅನುವಾದ, ಅನುವಾದಕರ ಸಹಿ ಮೂರೂ ಒಟ್ಟಿಗೆ ಇರಲಿ. ಹಳೆಯ ಕಾಗದವನ್ನು ಲ್ಯಾಮಿನೇಶನ್ ಮಾಡಿಸಬೇಡಿ, ಮೊಹರು ಮತ್ತು ಶಾಯಿ ಪರೀಕ್ಷೆಗೆ ಸಿಗದಂತಾಗುತ್ತದೆ.

ಜನನ ನೋಂದಣಿ ಆಗಿಲ್ಲದಿದ್ದರೆ

ಹುಟ್ಟಿದ 21 ದಿನದೊಳಗೆ ನೋಂದಣಿ ಉಚಿತ, 30 ದಿನದವರೆಗೆ ತಡದ ಶುಲ್ಕ, ಒಂದು ವರ್ಷದವರೆಗೆ ಮೇಲಧಿಕಾರಿಯ ಅನುಮತಿ. ವರ್ಷ ದಾಟಿದ್ದರೆ 2023ರ ತಿದ್ದುಪಡಿಯಂತೆ ಜಿಲ್ಲಾ ಮ್ಯಾಜಿಸ್ಟ್ರೇಟ್, ಉಪವಿಭಾಗ ಮ್ಯಾಜಿಸ್ಟ್ರೇಟ್ ಅಥವಾ ಜಿಲ್ಲಾ ಮ್ಯಾಜಿಸ್ಟ್ರೇಟರು ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಮೊದಲು ನೋಂದಣಾಧಿಕಾರಿಗೆ ಹುಡುಕಾಟದ ಅರ್ಜಿ ಕೊಟ್ಟು ‘ದಾಖಲೆ ಲಭ್ಯವಿಲ್ಲ’ ಎಂಬ ಪತ್ರ ಪಡೆಯಿರಿ. ಅದರ ಜತೆ ಶಾಲಾ ದಾಖಲೆ, ಆಸ್ಪತ್ರೆ ಅಥವಾ ಲಸಿಕೆ ಚೀಟಿ, ಅಫಿಡವಿಟ್ ಇಟ್ಟು ಅರ್ಜಿ ಹಾಕಿ. ಆದೇಶ ಬಂದ ಮೇಲೆ ಅದನ್ನು ನೋಂದಣಾಧಿಕಾರಿಗೆ ಕೊಟ್ಟರೆ ಪ್ರಮಾಣ ಪತ್ರ ಸಿಗುತ್ತದೆ.

ಅರ್ಜಿ ತಿರಸ್ಕಾರವಾಗುವ ಮುಖ್ಯ ಕಾರಣ ಜಾಗ. ಈಗ ಇರುವ ಊರಿನಲ್ಲಲ್ಲ, ಹುಟ್ಟಿದ ಊರಿನ ವ್ಯಾಪ್ತಿಯಲ್ಲಿ ಅರ್ಜಿ ಹಾಕಬೇಕು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗುವುದರಿಂದ ಹಿರಿಯ ಮಗುವಿನ ದಾಖಲೆ ಬೇರೆ ತಾಲ್ಲೂಕಿನಲ್ಲಿ, ಕೆಲವೊಮ್ಮೆ ಬೇರೆ ರಾಜ್ಯದಲ್ಲಿ ಇರುತ್ತದೆ. ಎಷ್ಟೋ ಸಲ ದಾಖಲೆ ಅಲ್ಲೇ ಇದ್ದು, ಇಲ್ಲಿ ಹುಡುಕಿ ‘ಇಲ್ಲ’ ಎಂದು ಹೊಸದು ಮಾಡಿಸುತ್ತಾರೆ. ಒಬ್ಬರಿಗೆ ಎರಡು ಜನನ ದಾಖಲೆ ಆದರೆ ಅದನ್ನು ಬಿಡಿಸುವುದು ಒಂದೂ ಇಲ್ಲದ್ದಕ್ಕಿಂತ ಕಷ್ಟ.

ಇನ್ನೊಂದು ತೊಡಕು ಜೂನ್ 1. ಶಾಲೆಗೆ ಸೇರಿಸಲು ಹೋದಾಗ ತಾರೀಖು ಗೊತ್ತಿಲ್ಲದ ಮಕ್ಕಳಿಗೆಲ್ಲ ಮಾಸ್ತರರು ಜೂನ್ 1 ಎಂದು ಬರೆದಿದ್ದಾರೆ. ಈಗ ಅಜ್ಜಿ ನೆನಪಿನಿಂದ ‘ರಂಜಾನ್ ತಿಂಗಳಲ್ಲಿ ಹುಟ್ಟಿದ್ದು’ ಎಂದು ಬೇರೆ ತಾರೀಖು ಹಾಕಿಸಿದರೆ ಎಸ್‌ಎಸ್‌ಎಲ್‌ಸಿಗೂ ಜನನ ಪತ್ರಕ್ಕೂ ತಾಳೆಯಾಗುವುದಿಲ್ಲ. ಆಸ್ಪತ್ರೆಯ ಅಥವಾ ಪಂಚಾಯಿತಿಯ ಆ ಕಾಲದ ಬರಹ ಸಿಕ್ಕರೆ ಅದು ಹೇಳಿದಂತೆ ನಡೆಯಿರಿ. ಸಿಗದಿದ್ದರೆ ಶಾಲೆಯ ತಾರೀಖನ್ನು ಅದು ಎಲ್ಲಿಂದ ಬಂದದ್ದೆಂದು ಅರ್ಜಿಯಲ್ಲಿ ಮರೆಮಾಚದೆ ತಿಳಿಸಿ, ಆದೇಶ ಮಾಡುವವರಿಗೆ ಬಿಡಿ. ದಲ್ಲಾಳಿ ತಂದುಕೊಡುವ ಪ್ರಮಾಣ ಪತ್ರವನ್ನು ಯಾವ ಕಾರಣಕ್ಕೂ ಕಡತಕ್ಕೆ ಸೇರಿಸಬೇಡಿ. ಒಂದು ಖೋಟಾ ಕಾಗದ ಉಳಿದ ಹತ್ತು ಸಾಚಾ ಕಾಗದಗಳನ್ನು ಮುಳುಗಿಸುತ್ತದೆ.

ಜನನ ಪತ್ರವಿದ್ದು ಮಗುವಿನ ಹೆಸರಿನ ಜಾಗ ಖಾಲಿ ಇರುವುದು ನಮ್ಮಲ್ಲಿ ಸಾಮಾನ್ಯ. ಆಸ್ಪತ್ರೆಯವರು ಮರುದಿನವೇ ನೋಂದಾಯಿಸುತ್ತಾರೆ, ಹೆಸರಿಡುವುದು ಏಳನೇ ದಿನ ಅಖೀಖಾದಲ್ಲಿ. ವರ್ಷದೊಳಗೆ ಹೆಸರು ಸೇರಿಸುವುದು ಉಚಿತ, ಹದಿನೈದು ವರ್ಷದವರೆಗೆ ಶುಲ್ಕ ಕಟ್ಟಿ ಸೇರಿಸಬಹುದು. 2023ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟ್, ಮತದಾರರ ಪಟ್ಟಿ ಎಲ್ಲಕ್ಕೂ ಹುಟ್ಟಿದ ದಿನದ ಪುರಾವೆ ಇದೇ ಪತ್ರ. ತಡಮಾಡಬೇಡಿ.

ಗಲ್ಫಿನಲ್ಲಿ ಹುಟ್ಟಿದ ಮಕ್ಕಳು

ಭಟ್ಕಳ, ಉಡುಪಿ, ಮಂಗಳೂರಿನ ಕುಟುಂಬಗಳು ಇದನ್ನು ಓದಲೇಬೇಕು. 2004ರ ಡಿಸೆಂಬರ್ 3ರಂದು ಅಥವಾ ಆಮೇಲೆ ವಿದೇಶದಲ್ಲಿ ಹುಟ್ಟಿದ ಮಗುವಿನ ಜನನವನ್ನು ಒಂದು ವರ್ಷದೊಳಗೆ ಅಲ್ಲಿನ ಭಾರತೀಯ ದೂತಾವಾಸದಲ್ಲಿ ನೋಂದಾಯಿಸಬೇಕು. ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದು ತಂದೆ ತಾಯಿ ಬರೆದುಕೊಡಬೇಕು. ವರ್ಷ ದಾಟಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕು. ದುಬೈ, ದಮ್ಮಾಮ್ ಆಸ್ಪತ್ರೆಯ ಜನನ ಪತ್ರ ಪೌರತ್ವ ನೋಂದಣಿಯಲ್ಲ. ದೂತಾವಾಸದ ನೋಂದಣಿ ಪತ್ರವನ್ನು ಬೇರೆಯಾಗಿ ಕೇಳಿ ಪಡೆಯಿರಿ. ತಂದೆ ತಾಯಿಯ ರದ್ದಾದ ಪಾಸ್‌ಪೋರ್ಟುಗಳನ್ನೂ ಎಸೆಯಬೇಡಿ, ಮಗು ಹುಟ್ಟಿದ ದಿನ ಅವರು ಭಾರತೀಯರಾಗಿದ್ದರು ಎನ್ನುವುದಕ್ಕೆ ಅವು ಬೇಕು.

ನೋಟಿಸ್ ಬಂದರೆ

ಜನಗಣತಿಯವರಿಗೆ ಯಾವ ದಾಖಲೆಯನ್ನೂ ತೋರಿಸಬೇಕಿಲ್ಲ. ಅವರಿಗೆ ಕೊಟ್ಟ ಉತ್ತರ 1948ರ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ಗುಪ್ತ. ಮತದಾರರ ಪಟ್ಟಿಯ ಪರಿಷ್ಕರಣೆ ಬೇರೆ. ಅಲ್ಲಿ ಫಾರ್ಮ್ ತುಂಬಿ ಕೊಡದಿದ್ದರೆ ಹೆಸರು ಬಿಟ್ಟುಹೋಗುತ್ತದೆ. ಯಾವ ಕಾನೂನಿನಡಿ, ಯಾರು ಕಳಿಸಿದ್ದು, ಉತ್ತರಕ್ಕೆ ಎಷ್ಟು ದಿನ ಎಂಬುದನ್ನು ನೋಟಿಸಿನಲ್ಲಿ ಮೊದಲು ಓದಿ. ವಿದೇಶಿ ಎಂಬ ಆರೋಪದ ಪ್ರಕರಣದಲ್ಲಿ ರುಜುವಾತಿನ ಹೊರೆ ಆರೋಪ ಹೊತ್ತವರ ಮೇಲಿರುತ್ತದೆ, ಹಾಜರಾಗದಿದ್ದರೆ ಏಕಪಕ್ಷೀಯ ಆದೇಶವಾಗುತ್ತದೆ. ಅಸ್ಸಾಮಿನಲ್ಲಿ ರಹೀಂ ಅಲಿಯವರನ್ನು ವಿದೇಶಿ ಎಂದದ್ದೂ ಅಂಥ ಏಕಪಕ್ಷೀಯ ಆದೇಶವೇ.

ಮೂಲ ದಾಖಲೆಯನ್ನು ಯಾರ ಕೈಗೂ ಒಪ್ಪಿಸಬೇಡಿ. ತೋರಿಸಿ, ನಕಲು ಕೊಡಿ, ಕೊಟ್ಟ ಕಾಗದಗಳ ಪಟ್ಟಿಯ ಮೇಲೆ ಸ್ವೀಕೃತಿ ಸಹಿ ಮತ್ತು ಮೊಹರು ಪಡೆಯಿರಿ. ವಕೀಲರನ್ನು ಇಟ್ಟುಕೊಳ್ಳಲು ಹಣವಿಲ್ಲದವರು ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬಹುದು, ಅಥವಾ 15100ಕ್ಕೆ ಕರೆ ಮಾಡಬಹುದು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ನಿನಂತೆ ಹೆಂಗಸರಿಗೆ ವರಮಾನ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ.